ಮೊಮ್ಮಗಳ ಎರಡು ನಿಮಿಷ

ಹೊರಟಿದ್ದು

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿ ಕಂಡದ್ದನ್ನು ಹೇಳುತ್ತಾರೆ. ನಾನು ಅಲ್ಲಿ ಕೆಡಿಸಿದ್ದನ್ನು ಹೇಳಬೇಕು. ಕಂಡದ್ದನ್ನೂ ಹೇಳುತ್ತೇನೆ. ಆದರೆ ಓದುವವರು ಮೊದಲೇ ತಿಳಿದಿರಲಿ: ಈ ಪ್ರಯಾಣದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ, ಅದನ್ನೂ ಕೈ ಮುಗಿದುಕೊಂಡೇ ಮಾಡಿದೆ.

ನನ್ನೂರು ತಾಳವಾಡಿ ಬೆಟ್ಟದ ಮೇಲಿನ ಪಣಕಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಓದಿ ಬೇಸಾಯಕ್ಕೆ ನಿಂತವನು. ನನ್ನ ಮೊಮ್ಮಗಳು ಮಂಗಳ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನದ ಮೇಲೆ ಮಣ್ಣಿನ ವಿಷಯ ಓದುತ್ತಿದ್ದಳು. ಪದವಿ ಕೊಡುವ ದಿನಕ್ಕೆ ಮನೆಯಿಂದ ಒಬ್ಬರಾದರೂ ಬರಲೇಬೇಕೆಂದು ಹಟ ಹಿಡಿದಳು. ಅವಳಪ್ಪ, ಎಂದರೆ ನನ್ನ ಮಗ ನಾಗರಾಜು, ಬಾಳೆ ಗೊನೆ ಬಿಟ್ಟಿರುವಾಗ ಆನೆ ಕಾವಲು ಬಿಟ್ಟು ಬರುವಂತಿರಲಿಲ್ಲ. ಸೊಸೆಗೆ ದಿಂಬಂ ಘಾಟಿ ಇಳಿಯುವಾಗಲೇ ತಲೆ ಸುತ್ತುತ್ತದೆ, ವಿಮಾನದ ಮಾತೆತ್ತಿದರೆ ಅಡುಗೆಮನೆ ಸೇರುತ್ತಿದ್ದಳು. ಕೊನೆಗೆ ಕೆಲಸವಿಲ್ಲದವನೆಂದು ಮನೆಯಲ್ಲಿ ಉಳಿದದ್ದು ನಾನು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗಾಲಿ ಕುರ್ಚಿ ಕೇಳಬೇಕೆಂದು ಮಂಗಳ ಫೋನಿನಲ್ಲಿ ಕಲಿಸಿದ್ದಳು. ನಡೆಯಲಾಗದೆಂದಲ್ಲ, ದಾರಿ ತಪ್ಪಬಾರದೆಂದು. ಇಂಗ್ಲಿಷ್ ಬಾರದ ಮುದುಕರೆಲ್ಲ ಹೀಗೇ ಹೋಗುತ್ತಾರಂತೆ. ಅದು ನಿಜವೇ ಆಗಿತ್ತು. ಸಾಲಾಗಿ ಕುರ್ಚಿಗಳು ನಿಂತಿದ್ದವು, ಕೂತವರೆಲ್ಲ ನನ್ನ ಹಾಗೆ ಗಟ್ಟಿಮುಟ್ಟಾದವರೇ. ನನ್ನ ಪಕ್ಕದ ಕುರ್ಚಿಯ ಆಂಧ್ರದ ಅಜ್ಜಿ, ಯಾರೂ ನೋಡದಾಗ ಎದ್ದು ಹೋಗಿ ಕಾಫಿ ತಂದುಕೊಂಡು, ಮತ್ತೆ ಕೂತು ಕಾಲು ನೋಯುವವರಂತೆ ಮುಖ ಮಾಡಿದರು.

ಅಲ್ಲಿ ಇಳಿದಾಗ ನೀಲಿ ಅಂಗಿಯ ಅಧಿಕಾರಿಯೊಬ್ಬ ನನ್ನ ಎದೆಯ ಮೇಲಿದ್ದ ಬೆಳ್ಳಿ ಕರಡಿಗೆಯನ್ನು ತೋರಿಸಿ ಏನೋ ಕೇಳಿದ. ಒಳಗಿರುವುದು ನನ್ನ ಲಿಂಗ, ಹುಟ್ಟಿದಾಗಿನಿಂದ ಮೈಮೇಲಿರುವುದು ಎಂದು ಯಾವ ಭಾಷೆಯಲ್ಲಿ ಹೇಳಲಿ? ಎರಡು ಕೈ ಮುಗಿದು "ತಪ್ಪಾಯ್ತು ಸಾಮಿ" ಎಂದೆ. ಆತನಿಗೆ ಅನುಮಾನ ಹೆಚ್ಚಾಯಿತು. ಪಕ್ಕಕ್ಕೆ ಕರೆದುಕೊಂಡು ಹೋಗಿ ರಾಗಿ ಹಿಟ್ಟಿನ ಪೊಟ್ಟಣ, ವಿಭೂತಿ ಗಟ್ಟಿ ಎಲ್ಲವನ್ನೂ ಮೂಸಿ ನೋಡಿದರು. ಕೊನೆಗೆ ಹಿಂದಿ ಬಲ್ಲ ಹೆಂಗಸೊಬ್ಬಳು ಬಂದು ಬಿಡಿಸಿದಳು. ಇದನ್ನು ಕೇಳಿ ಮಂಗಳ ತುಂಬಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ತಪ್ಪೇ ಮಾಡ್ದೆ ಯಾಕ್ ತಾತ ತಪ್ಪಾಯ್ತು ಅಂತೀಯ?" ಎಂದಳು.

ಯಾಕೆಂದರೆ ಅದು ನಮ್ಮ ಕಡೆಯ ಪದ್ಧತಿ. ಊರ ನ್ಯಾಯದಲ್ಲಿ ಹುಡುಗರ ಮೇಲೆ ದೂರು ಬಂದರೆ ಹುಡುಗರು ಮಾತಾಡುವುದಿಲ್ಲ. ಮನೆಯ ಹಿರಿಯ ಮುಂದೆ ಬಂದು ಹೆಗಲ ಮೇಲಿನ ವಲ್ಲಿಯನ್ನು ಕಟ್ಟೆಯ ಕೆಳಗೆ ಹಾಸಿ, ಮಂಡಿಯೂರಿ, "ಕೂಸು ತಪ್ಪು ಮಾಡ್ಬುಟ್ಟದೆ, ಒಟ್ಟೆಗಾಕಳಿ" ಎಂದು ಕ್ಷಮೆ ಕೇಳುತ್ತಾನೆ. ವಲ್ಲಿ ಹಾಸಿದ ಮೇಲೆ ಮುಗಿಯಿತು. ತಪ್ಪು ಏನಿತ್ತು, ಇತ್ತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಮ್ಮೂರಿನದಲ್ಲದೆ ಸುತ್ತಿನ ಊರುಗಳ ನ್ಯಾಯಕ್ಕೂ ಕಟ್ಟೆಯ ಮೇಲೆ ಕೂತು ಬೇರೆಯವರ ವಲ್ಲಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಂಗಳನ ಸಲುವಾಗಿಯೂ ಒಂದು ಸಲ ಹಾಸಿದ್ದೆ. ಅವಳು ಇಲ್ಲಿ ಬಿ.ಎಸ್ಸಿ. ಓದುವಾಗ, ಕೊನೆಯ ಬಸ್ಸಿಗಾಗಿ ಬೆಟ್ಟದ ಊರಿನ ಹುಡುಗಿಯರು ಕೊನೆಯ ಪಾಠ ಬಿಟ್ಟು ಓಡಬೇಕಿತ್ತು. ಕಾಲೇಜಿನವರು ಅದನ್ನು ಗೈರುಹಾಜರಿ ಎಂದು ಬರೆಯುತ್ತಿದ್ದರು. ಇವಳೂ ಗೆಟ್ಟವಾಡಿಯ ರತ್ನ ಎಂಬ ಗೆಳತಿಯೂ ಸೇರಿ ಅದರ ಬಗ್ಗೆ ಗೋಡೆಗೆ ಒಂದು ಕಾಗದ ಅಂಟಿಸಿದರು. ಪ್ರಿನ್ಸಿಪಾಲರು ಮನೆಯವರನ್ನು ಕರೆಸಿದರು. ನಾನು ಮಂಗಳನಿಗೆ ತಿಳಿಸದೆ ಹೋಗಿ ಅವರ ಕೋಣೆಯಲ್ಲಿ ವಲ್ಲಿ ಹಾಸಿ, ಹಾಲು ಹೆಪ್ಪಾಗುವಷ್ಟು ಹೊತ್ತಿನಲ್ಲಲ್ಲ, ಒಂದು ಕಾಫಿ ಆರುವಷ್ಟರಲ್ಲಿ ಮುಗಿಸಿಕೊಂಡು ಬಂದೆ. ಅದರಿಂದಲೇ ಅವಳು ಮುಂದೆ ಓದಿದಳೆಂದು ಇಷ್ಟು ವರ್ಷ ಒಳಗೊಳಗೇ ಬೀಗಿದ್ದೆ. ರತ್ನಳ ಕಥೆ ಏನಾಯಿತೆಂದು ಕೇಳಿರಲಿಲ್ಲ.

ಬೇಲಿಯಿಲ್ಲದ ಹೊಲ

ಅದು ಮುಸುಕಿನ ಜೋಳದ ಸೀಮೆ. ನಾನು ಹೋದಾಗ ಬಿತ್ತನೆ ಆಗಿರಲಿಲ್ಲ, ಹಳೇ ಕೂಳೆ ನಿಂತ ಹೊಲಗಳು ಕಣ್ಣು ಸೋಲುವವರೆಗೂ ಹರಡಿದ್ದವು. ಬೇಲಿ ಇಲ್ಲ, ಕಂದಕ ಇಲ್ಲ, ಕಾವಲಿನ ಅಟ್ಟಣೆ ಇಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ರಾತ್ರಿ ಒಂದು ಡಬ್ಬ ಬಡಿಯುವ ಸದ್ದೂ ಇಲ್ಲದೆ ಜನ ಹೇಗೆ ನಿದ್ದೆ ಮಾಡುತ್ತಾರೋ ಎನಿಸಿತು. ಆನೆ ಬರುವುದಿಲ್ಲವೇ ಎಂದು ಮಂಗಳನ ಮೂಲಕ ಕೇಳಿದ್ದಕ್ಕೆ, ಜಿಂಕೆ ಬರುತ್ತವೆ ಎಂದು ಅವಳ ಗೆಳತಿ ಎಮಿಲಿ ಬಹಳ ದುಃಖದಿಂದ ಹೇಳಿದಳು. ನನಗೆ ನಗು ಬಂತು.

ಎಮಿಲಿ ಮಂಗಳನ ಜೊತೆ ಒಂದೇ ಮನೆಯಲ್ಲಿರುವ ಹುಡುಗಿ. ಅಲ್ಲಿಯ ರೈತನ ಮಗಳು, ಅವಳೂ ಮಣ್ಣಿನ ವಿಷಯದವಳೇ. ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಾಳೆ, ಊಟಕ್ಕೆ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾಳೆ. ಅವಳ ಪ್ರಾರ್ಥನೆ ಮುಗಿಯುವವರೆಗೆ ನಾನೂ ತುತ್ತು ಎತ್ತುತ್ತಿರಲಿಲ್ಲ, ಅದು ಅವಳಿಗೆ ಹಿಡಿಸಿತು. ರಾಗಿ ಮುದ್ದೆಯನ್ನು ಮೊದಲ ದಿನ ಅಗಿದು, ಎರಡನೇ ದಿನದಿಂದ ನುಂಗಲು ಕಲಿತಳು.

ಈ ಇಬ್ಬರು ಹುಡುಗಿಯರು ದೇಶದ ಒಂದು ವಿಷಯದಲ್ಲೂ ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಜಗಳ. ಒಬ್ಬಳು ತೊಳೆಯುತ್ತಾಳೆ, ಒಬ್ಬಳು ಒರೆಸುತ್ತಾಳೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ನಾನು ಹೆದರಿ ಹೊರಗೆ ಹೋಗಿ ನಿಲ್ಲುತ್ತಿದ್ದೆ. ನಮ್ಮ ಕಡೆ ಅಷ್ಟು ಜೋರಾಗಿ ಮಾತು ಬಂದರೆ ಮರುದಿನ ಎರಡು ಮನೆ ನಡುವೆ ನೀರು ಬೆಂಕಿ ಕೊಡುವುದು ನಿಲ್ಲುತ್ತದೆ. ಇಲ್ಲಿ ಪಾತ್ರೆ ಮುಗಿದ ತಕ್ಷಣ ಇಬ್ಬರೂ ಒಂದೇ ಬಟ್ಟಲಿನಿಂದ ಕಡಲೆಬೀಜ ತಿನ್ನುತ್ತ ಕೂರುತ್ತಿದ್ದರು.

ಅವರಿಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ. ಅದನ್ನು ತಿಳಿಯಲು ಆ ಹುಲ್ಲಿನ ಕಥೆ ಹೇಳಬೇಕು.

ಮಾತಾಡುವ ಹುಲ್ಲು

ಮಂಗಳ ಪ್ರಯೋಗಾಲಯಕ್ಕೆ ಹೋದಾಗ ನಾನು ಕಾಲೇಜಿನ ಅಂಗಳದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದೆ. ಅಲ್ಲಿಯ ಬಿಸಿಲು ಬೆಳಕು ಮಾತ್ರ, ಬಿಸಿ ಇಲ್ಲ. ಒಂದು ದಿನ ಗಾಳಿ ಬೀಸದ ಮೂಲೆ ಹುಡುಕುತ್ತ ನಡೆದಾಗ, ಸುತ್ತ ಹೂವಿನ ಗಿಡ ನೆಟ್ಟ ಸಣ್ಣ ಹುಲ್ಲಿನ ಚೌಕ ಸಿಕ್ಕಿತು. ನಮ್ಮ ಕಣದ ಅರ್ಧದಷ್ಟು ಇರಬಹುದು. ನಡುವೆ ಒಂದು ಬೆಂಚು, ಪಕ್ಕದಲ್ಲಿ ಏನೋ ಬರೆದ ಹಲಗೆ. ನಾನು ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ಕಂಬಳಿ ಹೊದ್ದು, ಸಂತೋಷವಾಗಿದ್ದೆ.

ಸ್ವಲ್ಪ ಹೊತ್ತಿಗೆ ಇಬ್ಬರು ಹುಡುಗರು ಬಂದು ಎದುರು ನಿಂತರು. ಆಮೇಲೆ ಮೂವರು ಹುಡುಗಿಯರು. ಒಬ್ಬ ಫೋನು ಎತ್ತಿ ಹಿಡಿದ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕೈ ಮುಗಿದೆ. ಅವರೂ ಮುಗಿದರು. ಇನ್ನಷ್ಟು ಜನ ಸೇರಿದರು. ಎದ್ದು ಹೋಗೋಣವೆಂದರೆ ದಾರಿ ಇಲ್ಲ. ಕೊನೆಗೆ ಕಾವಲುಗಾರನೊಬ್ಬ ಬಂದು ಏನೋ ಕಾಗದ ತೋರಿಸುವಂತೆ ಸನ್ನೆ ಮಾಡಿದ. ನಾನು ಅಭ್ಯಾಸದಂತೆ ತಪ್ಪಾಯ್ತು ಎಂದೆ. ಅಷ್ಟರಲ್ಲಿ ಯಾರೋ ಮಂಗಳನನ್ನು ಕರೆತಂದರು.

ಅದು ವಿದ್ಯಾರ್ಥಿಗಳು ಮಾತಾಡಲು ಗೊತ್ತು ಮಾಡಿದ ಜಾಗವಂತೆ. ಯಾರಾದರೂ ಯಾವುದಾದರೂ ವಿಷಯ ಜನಕ್ಕೆ ಹೇಳಬೇಕು, ಕಾಗದ ಹಂಚಬೇಕು ಎಂದರೆ ಆ ಚೌಕದಲ್ಲೇ ಆಗಬೇಕು, ಅದಕ್ಕೂ ಮೊದಲೇ ಆಫೀಸಿಗೆ ಬರೆದು ಒಪ್ಪಿಗೆ ಪಡೆದಿರಬೇಕು. ನಾನು ಒಪ್ಪಿಗೆಯಿಲ್ಲದೆ ಮೌನದ ಚಳವಳಿ ಕೂತಿದ್ದೇನೆಂದು ಜನ ತಿಳಿದಿದ್ದರು.

ಹೊಲಕ್ಕೆ ಬೇಲಿ ಹಾಕದ ಜನ ಮಾತಿಗೆ ಹಾಕಿದ್ದಾರಲ್ಲ ಎಂದುಕೊಂಡೆ. ಆದರೆ ಹಾಗೆ ನಗುವ ಹಕ್ಕು ನನಗೆಲ್ಲಿದೆ? ನಮ್ಮೂರ ಕಟ್ಟೆಗೆ ಹಲಗೆ ಇಲ್ಲ, ಹೂವಿನ ಗಿಡ ಇಲ್ಲ. ಆದರೂ ಅದರ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಂತು ಮಾತಾಡಬೇಕು, ಯಾರು ಮಾತೇ ಆಡಬಾರದು ಎಂಬುದು ಎಲ್ಲರಿಗೂ ಗೊತ್ತು.

ಮಂಗಳ ಹಿಂದಿನ ಚಳಿಗಾಲದಲ್ಲಿ ಗ್ರಂಥಾಲಯದ ಬಾಗಿಲಲ್ಲಿ ನಿಂತು ಒಂದು ಕಾಗದ ಹಂಚಿದ್ದಳು. ದೂರದ ಹಾಸ್ಟೆಲಿಗೆ ಸಂಜೆ ಹೋಗುವ ಬಸ್ಸನ್ನು ಕಾಲೇಜು ನಿಲ್ಲಿಸುತ್ತದೆ, ನಿಲ್ಲಿಸಬಾರದು ಎಂದು. ಈ ಹುಡುಗಿಯ ತಲೆಯಲ್ಲಿ ಹುಟ್ಟಿದಾಗಿನಿಂದ ಬಸ್ಸೇ ಓಡುತ್ತಿದೆ. ಕಾವಲುಗಾರ ಆ ಹುಲ್ಲಿಗೆ ಹೋಗು ಎಂದ. ಹುಲ್ಲಿಗೆ ಒಪ್ಪಿಗೆ ಬರುವಷ್ಟರಲ್ಲಿ ಬಸ್ಸು ನಿಂತಿತ್ತು. ಎಮಿಲಿ ಪ್ರಾರ್ಥನಾ ಕೂಟಕ್ಕೆ ಬನ್ನಿ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಅವಳ ಕೈಯಲ್ಲೇ ನೀರು ಹಾಕಿಸಿ ಅಳಿಸಿದರು. ಹೀಗೆ ಆ ಇಬ್ಬರೂ ಒಂದಾದರು.

ಆ ರಾಜ್ಯದ ಶಾಸನ ಸಭೆಯಲ್ಲಿ ಒಂದು ಮಸೂದೆ ಬಂದಿತ್ತು. ಕಾಲೇಜಿನ ಬಯಲೆಲ್ಲ ಮಾತಿನ ಜಾಗವೇ, ಒಪ್ಪಿಗೆ ಬೇಕಿಲ್ಲ, ಪಾಠಕ್ಕೆ ಅಡ್ಡಿ ಮಾಡಬಾರದು, ಯಾರನ್ನೂ ಹೆದರಿಸಬಾರದು, ಅಷ್ಟು ಬಿಟ್ಟರೆ ಆಡಿದ ಮಾತಿಗಾಗಿ ವಿದ್ಯಾರ್ಥಿಗೆ ಶಿಕ್ಷೆಯಿಲ್ಲ ಎಂದು ಅದರಲ್ಲಿ ಬರೆದಿತ್ತಂತೆ. ಕಾನೂನು ಮಾಡುವ ಮೊದಲು ಸಮಿತಿಯವರು ಜನರನ್ನು ಕರೆದು ಕೇಳುತ್ತಾರೆ. ಯಾರು ಬೇಕಾದರೂ ಹೆಸರು ಕೊಡಬಹುದು, ಒಬ್ಬೊಬ್ಬರಿಗೆ ಎರಡು ನಿಮಿಷ. ನಮ್ಮ ಕಡೆ ಒಂದು ಮನು, ಎಂದರೆ ಅರ್ಜಿ, ಕೊಡಲು ತಾಲ್ಲೂಕು ಆಫೀಸಿನ ಬಾಗಿಲಲ್ಲಿ ಬೆಳಗಿನಿಂದ ನಿಂತ ನನಗೆ ಇದು ಕಥೆಯಂತೆ ಕೇಳಿಸಿತು.

ಮಂಗಳ ಹೆಸರು ಕೊಟ್ಟಿದ್ದಳು.

ಊರಿನ ಫೋನು

ಇದನ್ನು ನಾನು ಫೋನಿನಲ್ಲಿ ನಾಗರಾಜುವಿಗೆ ಹೇಳಿಬಿಟ್ಟೆ. ಅವನು ಗಾಬರಿಯಾದ. ಹೊರದೇಶದಿಂದ ಬಂದು ಬಾಯಿ ಬಿಟ್ಟ ವಿದ್ಯಾರ್ಥಿಗಳನ್ನು ಹಿಂದಕ್ಕೆ ಕಳಿಸುತ್ತಾರಂತೆ, ಟಿವಿಯಲ್ಲಿ ನೋಡಿದೆ ಎಂದ. ಪದವಿಗೆ ಇನ್ನು ಕೆಲವೇ ವಾರ. ಇಷ್ಟು ವರ್ಷದ ಓದು ಎರಡು ನಿಮಿಷಕ್ಕೆ ಹೋದರೆ?

"ಅಪ್ಪ, ನೀ ಅಲ್ಲೇ ಇದ್ದೀಯೆ. ಏನಾರ ಮಾಡಿ ನಿಲ್ಸು" ಎಂದ. "ನಿನ್ ಮಾತ ಅವ್ಳು ತೆಗೆದಾಕಾಕಿಲ್ಲ."

ನಾನು ಮಂಗಳನನ್ನು ಕೂರಿಸಿಕೊಂಡು ಹೇಳಿದೆ. ಬಸ್ಸು ಅವರದು, ಕಾಲೇಜು ಅವರದು, ಕಾನೂನೂ ಅವರದು, ನಮಗೇಕೆ ಎಂದೆ. ಎಮಿಲಿ ಮಾತಾಡಲಿ, ಅವಳನ್ನು ಯಾರೂ ಎಲ್ಲಿಗೂ ಕಳಿಸಲಾರರು ಎಂದೆ. ಅವಳು ತಲೆ ಬಗ್ಗಿಸಿ ಉಗುರು ನೋಡಿಕೊಳ್ಳುತ್ತ ಕೇಳಿದಳು.

"ಭಯ ನಂಗೂ ಅದೆ ತಾತ" ಎಂದಳು. "ಯೋಚ್ನೆ ಮಾಡೇ ಎಸ್ರು ಕೊಟ್ಟಿವ್ನಿ. ನೀ ಬಂದು ಸುಮ್ನೆ ಕೂತ್ಕೊ, ಸಾಕು. ನೀ ಇದ್ರೆ ನಂಗೆ ಧೈರ್ಯ."

ಸುಮ್ಮನೆ ಕೂರುವುದೊಂದೇ ಅವಳು ನನ್ನಿಂದ ಕೇಳಿದ್ದು.

ರಾಜಧಾನಿ

ಎಮಿಲಿಯ ಕಾರಿನಲ್ಲಿ ಬೆಳಗ್ಗೆ ಹೊರಟೆವು. ರಾಜಧಾನಿ ಎಂದರೆ ನಮ್ಮ ಸತ್ಯಮಂಗಲದಷ್ಟು ಗಲಾಟೆಯೂ ಇಲ್ಲದ ಊರು. ಶಾಸನ ಸಭೆಯ ಕಟ್ಟಡಕ್ಕೆ ಗೋಪುರವಿತ್ತು, ಒಳಗೆ ಶಾಲಾ ಮಕ್ಕಳು ಬಾಯಿ ತೆರೆದು ಮೇಲೆ ನೋಡುತ್ತ ಸಾಲಾಗಿ ನಡೆಯುತ್ತಿದ್ದರು. ಶಾಸಕನೆಂದು ಮಂಗಳ ತೋರಿಸಿದವನೊಬ್ಬ ಕೈಯಲ್ಲಿ ತಾನೇ ಕಾಫಿ ಲೋಟ ಹಿಡಿದು ಒಬ್ಬನೇ ಹೋದ. ಹಿಂದೆ ಮುಂದೆ ಯಾರೂ ಇಲ್ಲ. ಪಾಪ, ಈ ಸಲ ಗೆಲ್ಲುವುದಿಲ್ಲವೇನೋ ಎಂದುಕೊಂಡೆ.

ಸಮಿತಿಯ ಕೋಣೆ ದೊಡ್ಡದು. ಎದುರು ಎತ್ತರದ ಮೇಜಿನ ಹಿಂದೆ ಹತ್ತು ಹನ್ನೆರಡು ಜನ ಕೂತಿದ್ದರು. ನಡುವೆ ಬಿಳಿ ಕೂದಲಿನ ಹೆಂಗಸು ಅಧ್ಯಕ್ಷೆ. ಕೆಳಗೆ ಒಂದು ಮೇಜು, ಮೈಕು, ಅದರ ಪಕ್ಕ ಸಣ್ಣ ದೀಪ. ಮಾತು ಶುರುವಾದರೆ ಹಸಿರು, ಮುಗಿಯುತ್ತ ಬಂದರೆ ಹಳದಿ, ಮುಗಿದರೆ ಕೆಂಪು. ಕೆಂಪಾದರೆ ಯಾರೇ ಆಗಲಿ ನಿಲ್ಲಿಸಬೇಕು.

ಮಂಗಳ ಕಿವಿಯಲ್ಲಿ ಒಂದೊಂದನ್ನೇ ಹೇಳುತ್ತಿದ್ದಳು. ವಯಸ್ಸಾದ ಮೇಷ್ಟ್ರೊಬ್ಬರು ಮಸೂದೆ ಬೇಡ ಎಂದರು. ಬಾಯಿ ಜೋರಿದ್ದವರು ಬಂದು ಮೆತ್ತಗಿನ ಮಕ್ಕಳನ್ನು ಅವರ ಕೋಣೆಯ ಬಾಗಿಲಲ್ಲೇ ಹೀನಾಯವಾಗಿ ಬೈದರೆ ನಾನು ಆ ಮಕ್ಕಳನ್ನು ಹೇಗೆ ಕಾಯಲಿ ಎಂದು ಕೇಳಿದರು. ಅವರು ಹೇಳಿದ್ದೂ ನನಗೆ ಸರಿಯೆನಿಸಿತು. ಆಮೇಲೆ ಬಂದ ಹುಡುಗ, ಹಾಗೆಂದು ಎಲ್ಲರ ಬಾಯಿಗೂ ಬೀಗ ಹಾಕಿದರೆ ಮೊದಲು ಉಸಿರು ಕಟ್ಟುವುದು ಮೆತ್ತಗಿನವರಿಗೇ ಎಂದ. ಅದೂ ಸರಿಯೆನಿಸಿತು. ಯಾರೂ ಯಾರ ಮಾತನ್ನೂ ನಡುವೆ ತುಂಡು ಮಾಡಲಿಲ್ಲ.

ಆಗ ಅಧ್ಯಕ್ಷೆ ಮಂಗಳನ ಹೆಸರನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಕರೆದರು.

ಮಂಗಳ ಎದ್ದಳು. ಎತ್ತರದಲ್ಲಿ ಕೂತ ಹಿರಿಯರು, ಕೆಳಗೆ ಒಂಟಿಯಾಗಿ ನಡೆಯುವ ನಮ್ಮನೆ ಕೂಸು. ನನ್ನ ಕಣ್ಣಿಗೆ ಅದು ನ್ಯಾಯದ ಕಟ್ಟೆಯೇ ಆಯಿತು. ನಾಗರಾಜುವಿನ ಮಾತು ಕಿವಿಯಲ್ಲಿತ್ತು. ಮನೆಯ ಹಿರಿಯ ಕೂತಿದ್ದು ಕೂಸನ್ನು ಮುಂದೆ ಬಿಡುವುದುಂಟೇ? ನಾನು ಎದ್ದೆ. ಅವಳನ್ನು ದಾಟಿ ಮುಂದೆ ಹೋದೆ. ಹೆಗಲಿನ ವಲ್ಲಿ ತೆಗೆದು ಆ ಮೇಜಿನ ಮುಂದಿನ ಜಮಖಾನೆಯ ಮೇಲೆ ಹಾಸಿದೆ. ಮಂಡಿಯೂರಿ, ತಲೆ ಬಗ್ಗಿಸಿ, "ಕೂಸು, ಏನೂ ಅರೀದು. ತಪ್ಪಾಯ್ತು. ಒಟ್ಟೆಗಾಕಳಿ" ಎಂದೆ.

ಮುಂದಿನ ಸಾಲಿನ ಹೆಂಗಸೊಬ್ಬಳು ಇದು ಆಶೀರ್ವಾದವೆಂದು ತಿಳಿದು ತಾನೂ ತಲೆ ಬಗ್ಗಿಸಿದಳು. ಕಾವಲಿನವನು ಎರಡು ಹೆಜ್ಜೆ ಇಟ್ಟು ನಿಂತ. ನಾನು ಏಳಲು ಹೋದೆ, ಮಂಡಿ ಹಿಡಿದುಕೊಂಡಿತು. ಮಂಗಳ ಓಡಿ ಬಂದು ಕಂಕುಳಿಗೆ ಕೈ ಕೊಟ್ಟಳು, ಆದರೂ ಆಗಲಿಲ್ಲ. ಮಸೂದೆ ಬೇಡವೆಂದ ಮೇಷ್ಟ್ರೇ ಇನ್ನೊಂದು ಕಡೆಯಿಂದ ಹಿಡಿದರು. ಅಧ್ಯಕ್ಷೆ ಮೃದುವಾಗಿ ಏನೋ ಕೇಳಿದರು. ಮಂಗಳ ಮೈಕಿನ ಕಡೆ ಬಗ್ಗಿ ಒಂದು ಸಾಲು ಹೇಳಿದಳು. ಅಷ್ಟೇ. ನನ್ನನ್ನು ಕುರ್ಚಿಗೆ ಸೇರಿಸಿ, ವಲ್ಲಿ ಎತ್ತಿ ಕೊಟ್ಟು ಅವಳು ತಿರುಗುವಷ್ಟರಲ್ಲಿ ದೀಪ ಕೆಂಪಾಗಿತ್ತು.

ಹೆಸರು ಕರೆದಾಗಲೇ ಹಸಿರು ಹತ್ತಿತ್ತು. ಅವಳ ಎರಡು ನಿಮಿಷವನ್ನು ನಾನು ಮಂಡಿಯೂರಿ ಕಳೆದಿದ್ದೆ.

ಅಧ್ಯಕ್ಷೆಗೆ ಬೇಸರವಾದದ್ದು ಮುಖದಲ್ಲಿ ಕಂಡಿತು. ಆದರೆ ಕಾದವರು ಬಹಳ ಜನ, ನಿಯಮ ಎಲ್ಲರಿಗೂ ಒಂದೇ. ಹೇಳಬೇಕೆಂದಿದ್ದನ್ನು ಬರೆದು ಕಳಿಸಬಹುದು ಎಂದರಂತೆ. ಮುಂದಿನ ಹೆಸರು ಎಮಿಲಿಯದು. ಅವಳು ತನ್ನ ಸೀಮೆಸುಣ್ಣದ ವಿಷಯವನ್ನು ಬೇಗ ಮುಗಿಸಿ, ಉಳಿದ ಹೊತ್ತಿನಲ್ಲಿ ಮಂಗಳನ ಬಸ್ಸಿನ ವಿಷಯ ಹೇಳಿದಳು. ಬಸ್ಸು ನಿಲ್ಲಿಸಿದ್ದು ಸರಿಯೆಂದು ಅಡುಗೆಮನೆಯಲ್ಲಿ ವಾದಿಸಿದ್ದವಳು ಅವಳೇ.

ಮೆಟ್ಟಿಲ ಮೇಲೆ

ಎಮಿಲಿ ಕಾರು ತರಲು ಹೋದಾಗ ನಾವಿಬ್ಬರೂ ಹೊರಗಿನ ಕಲ್ಲು ಮೆಟ್ಟಿಲ ಮೇಲೆ ಕೂತೆವು. ಗಾಳಿ ಚಳಿಯಾಗಿತ್ತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಮೈಕಿನಲ್ಲಿ ಆ ಹೆಂಗಸಿಗೆ ಏನೆಂದೆ ಎಂದು ಕೇಳಿದೆ.

"ನಮ್ ತಾತಂಗೆ ಮಂಡಿ ನೋವು, ಮನ್ನಿಸಿ ಅಂದೆ."

ನಾನು ಅವಳ ಪರವಾಗಿ ಕೇಳಿದ ಕ್ಷಮೆ ಯಾರಿಗೂ ತಿಳಿಯಲಿಲ್ಲ. ಅವಳು ನನ್ನ ಪರವಾಗಿ ಕೇಳಿದ್ದು ಎಲ್ಲರಿಗೂ ತಿಳಿಯಿತು. ಆಡಲು ಬಂದ ಮಾತನ್ನೆಲ್ಲ ಬಿಟ್ಟು, ಸಿಕ್ಕ ಒಂದೇ ಸಾಲಿನಲ್ಲಿ ನನ್ನ ಮಾನ ಉಳಿಸಿದ್ದಳು.

"ಏನ್ ಯೇಳ್ಬೇಕು ಅಂತಿದ್ದೆ ಮಗ? ನಂಗಾದ್ರೂ ಯೇಳು" ಎಂದೆ.

ಅವಳು ರಸ್ತೆ ನೋಡುತ್ತ ಹೇಳತೊಡಗಿದಳು. ಹೇಳಬೇಕೆಂದಿದ್ದದ್ದು ಅಲ್ಲಿಯ ಬಸ್ಸಿನ ವಿಷಯ ಸ್ವಲ್ಪವೇ, ಉಳಿದದ್ದೆಲ್ಲ ರತ್ನಳ ವಿಷಯ. ನಾನು ಪ್ರಿನ್ಸಿಪಾಲರ ಕೋಣೆಯಲ್ಲಿ ವಲ್ಲಿ ಹಾಸಿದ್ದು ಅವಳಿಗೆ ಅಂದೇ ಗೊತ್ತಾಗಿತ್ತಂತೆ. ನಾನು ಹೊರಗೆ ಬಂದ ಮೇಲೆ ರತ್ನಳ ಅಪ್ಪ ಚಿಕ್ಕಮಾದ ಒಳಗೆ ಹೋದನಂತೆ. ಕೂಲಿ ಮಾಡುವ ಮನುಷ್ಯ, ಅವನೂ ಹಾಸಿದ.

"ಅವ್ನ ವಲ್ಲಿ ಕಡೆ ಪ್ರಿನ್ಸಿಪಾಲ್ರು ತಿರುಗೂ ನೋಡ್ನಿಲ್ಲ ತಾತ. ಇಬ್ರೂ ಒಂದೇ ಕಾಗ್ದ ಅಂಟ್ಸಿದ್ದು. ಗೋಂದು ನನ್ ಕೈಲಿತ್ತು. ನಂಗೇನೂ ಆಗ್ನಿಲ್ಲ, ಅವ್ಳ ಎಸ್ರು ತೆಗೆದಾಕುದ್ರು. ಪರೀಕ್ಸೆಗೆ ಕೂರಿಸ್ನಿಲ್ಲ. ನಾನೂ ಬಾಯಿ ಬುಡ್ನಿಲ್ಲ, ನೀ ಮುಗಿಸ್ಬುಟ್ಟಿದ್ದಲ್ಲ, ಅದ್ಕೆ."

ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ವಲ್ಲಿ ಆಸೋಕೆ ದೊಡ್ಡ ತಾತ ಇರೋರ್ಗೆ ಕಾನೂನು ಯಾಕೆ ಬೇಕು? ಇಲ್ದೋರ್ಗೆ ಬೇಕು. ಅದ್ನೇ ಯೇಳ್ಬೇಕು ಅಂತ ಬಂದಿದ್ದೆ."

ನನ್ನ ಕೈ ತಾನಾಗಿ ಹೆಗಲ ಕಡೆ ಹೋಯಿತು. ಮಂಗಳ ನೋಡಿದಳು, ಕ್ಷಮೆ ಕೇಳಬೇಕಾದ್ದು ನನ್ನನ್ನಲ್ಲ ಎನ್ನುವಂತೆ ತಲೆಯಾಡಿಸಿದಳು. ಕಾರು ಬಂತು. ದಾರಿಯುದ್ದಕ್ಕೂ ಎಮಿಲಿಯೇ ಮಾತಾಡಿದಳು, ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ಅವಳು ಮಾತಾಡುತ್ತಿದ್ದುದು ಒಳ್ಳೆಯದಾಯಿತು.

ಮಂಗಳ ಆ ರಾತ್ರಿಯೇ ಬರೆದು ಕಳಿಸಿದಳು. ಅವಳನ್ನು ಯಾರೂ ಹಿಂದಕ್ಕೆ ಅಟ್ಟಲಿಲ್ಲ. ಕಪ್ಪು ಗೌನು ತೊಟ್ಟು ಪದವಿ ಪಡೆದಳು. ಮಸೂದೆ ಸಮಿತಿಯನ್ನು ದಾಟಿತಂತೆ, ಮುಂದಿನ ಸಭೆಯಲ್ಲಿ ಇನ್ನೂ ಕೂತಿದೆಯಂತೆ. ಮೇಷ್ಟ್ರು ಅದಕ್ಕೆ ಒಂದೆರಡು ಸಾಲು ಸೇರಿಸಬೇಕೆಂದು ಈಗಲೂ ಓಡಾಡುತ್ತಿದ್ದಾರೆ ಎಂದು ಮಂಗಳ ಹೇಳುತ್ತಾಳೆ. ಸೇರಲಿ, ಒಳ್ಳೆಯ ಮನುಷ್ಯ. ಅವರ ಕೈ ನನ್ನ ಕಂಕುಳಲ್ಲಿ ಬಲವಾಗಿತ್ತು.

ಗೆಟ್ಟವಾಡಿ

ಅಮೆರಿಕಕ್ಕೆ ಹೋಗುವುದು ಸುಲಭವಾಗಿತ್ತು. ಪಣಕಹಳ್ಳಿಯಿಂದ ಗೆಟ್ಟವಾಡಿಗೆ ಹೋಗಲು ನನಗೆ ಒಂದು ತಿಂಗಳು ಹಿಡಿಯಿತು. ನಾಗರಾಜು ಬೈಕಿನಲ್ಲಿ ಬಿಡುತ್ತೇನೆ ಎಂದ. ಬೇಡ ಎಂದು ಬಸ್ಸಿಗೆ ಹೋದೆ.

ರತ್ನ ಈಗ ಚಾಮರಾಜನಗರದ ಕಡೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ದಿನಾ ಹೋಗಿ ಬರುತ್ತಾಳೆ. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು, ಜಗಲಿಯ ಮೇಲೆ ಮಗಳ ತಲೆ ಬಾಚುತ್ತಿದ್ದಳು. ಚಿಕ್ಕಮಾದ ನನ್ನನ್ನು ಕಂಡು ಗಡಬಡಿಸಿ ಎದ್ದ. "ಬುದ್ದಿ, ಯೇಳಿ ಕಳ್ಸುದ್ರೆ ನಾನೇ ಬತ್ತಿರ್ನಿಲ್ವಾ" ಎಂದು ಕುರ್ಚಿಗಾಗಿ ಪಕ್ಕದ ಮನೆಗೆ ಓಡಲು ಹೊರಟ. ನಾನು ಜಗಲಿಯ ಮೇಲೆಯೇ ಕೂತೆ. ಆ ಬೀದಿಯ ಜಗಲಿಯ ಮೇಲೆ ನನ್ನ ಆಯುಸ್ಸಿನಲ್ಲಿ ಕೂತಿರಲಿಲ್ಲ. ಎದುರು ಮನೆಯ ಕಿಟಕಿಯಲ್ಲಿ ಎರಡು ಮುಖ ಕಂಡವು.

"ಮಂಗಳ ಯೇಳುದ್ಲು... ಅವತ್ತು ನಾ ಮಾಡಿದ್ದು..." ಎಂದು ಶುರು ಮಾಡಿದೆ. ಕೈ ವಲ್ಲಿಗೆ ಹೋಯಿತು.

"ಅದ ತಗೀಬ್ಯಾಡಿ ಮಲ್ಲಪ್ನೋರೆ" ಎಂದಳು ರತ್ನ. ಅಪ್ಪನ ಹಾಗೆ ಬುದ್ದಿ ಎನ್ನಲಿಲ್ಲ, ಹೆಸರು ಹಿಡಿದು ಕರೆದಳು. "ನೀವು ಆಸ್ಬುಟ್ರೆ ಮುಗೀತು ಅಂತಾಯ್ತದೆ. ನಂದಿನ್ನೂ ಶುರುವೇ ಆಗಿಲ್ಲ."

ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟು ಒಳಗೆ ಕಳಿಸಿದಳು. ಆಮೇಲೆ ಹೇಳಿದಳು. ಆ ದಿನ ಕೋಣೆಯ ಹೊರಗೆ ಬಾಗಿಲ ಪಕ್ಕದಲ್ಲೇ ನಿಂತಿದ್ದಳಂತೆ. ನಾನು ಅವಳ ಮುಂದೆಯೇ ಹೆಗಲಿಗೆ ವಲ್ಲಿ ಕೊಡವಿ ಹಾಕಿಕೊಂಡು ಹೋದೆನಂತೆ. ವಲ್ಲಿಯ ಧೂಳು ಅವಳ ಮುಖಕ್ಕೆ ಬಂತಂತೆ. ಒಳಗೆ ಅವಳ ಪರವಾಗಿಯೂ ಒಂದು ಮಾತು ಸೇರಿಸಿ ಬಂದಿರುತ್ತೇನೆ ಎಂದು ನಂಬಿ ಅವಳು ನನಗೆ ಕೈ ಮುಗಿದಳಂತೆ. ನಾನು ನೋಡಲಿಲ್ಲ. ಗಣಿತದಲ್ಲಿ ಮಂಗಳನಿಗಿಂತ ಅವಳೇ ಮುಂದಿದ್ದದ್ದು, ಬಸ್ಸಿನಲ್ಲಿ ಮಂಗಳನಿಗೆ ಅವಳೇ ಹೇಳಿಕೊಡುತ್ತಿದ್ದದ್ದು, ಕಾಲೇಜು ಬಿಟ್ಟ ಮೇಲೆ ಅದೇ ಬಸ್ಸಿನಲ್ಲಿ ಗೆಳತಿಯರ ಮುಂದೆ ಕೂಲಿಗೆ ಹೋಗಬೇಕಾದ್ದು, ಎಲ್ಲ ಹೇಳಿದಳು. ದನಿ ಏರಿಸಲಿಲ್ಲ. ಅತ್ತದ್ದೂ ಇಲ್ಲ.

ಚಿಕ್ಕಮಾದನಿಗೆ ತಡೆಯಲಾಗಲಿಲ್ಲ. ನಡುವೆ ಬಂದು ನಿಂತ. "ಬುದ್ದಿ, ಕೂಸು ಏನೋ ಅಂದ್ಬುಡ್ತು, ಒಟ್ಟೆಗಾಕಳಿ" ಎಂದು ತನ್ನ ವಲ್ಲಿಯನ್ನು ನನ್ನ ಕಾಲ ಬುಡದಲ್ಲಿ ಹಾಸಲು ಬಗ್ಗಿದ. ನಾನು ಅವನ ಕೈ ಹಿಡಿದೆ. ಅವನ ಕೈಯನ್ನು ನ್ಯಾಯದ ಕಟ್ಟೆಯಿಂದ ಎಷ್ಟೋ ಸಲ ನೋಡಿದ್ದೆ, ಮುಟ್ಟಿರಲಿಲ್ಲ.

"ಬ್ಯಾಡ ಚಿಕ್ಕಮಾದ, ಕೂತ್ಕೊ. ಅವ್ಳು ಯೇಳ್ಲಿ" ಎಂದೆ.

ಅವನು ಮಗಳ ಮುಖ ನೋಡಿದ, ನನ್ನ ಮುಖ ನೋಡಿದ, ಜಗಲಿಯ ಇನ್ನೊಂದು ತುದಿಯಲ್ಲಿ ಅರ್ಧ ಕೂತ. ರತ್ನ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಆಮೇಲೆ, ಅಪ್ಪ ಅಡ್ಡ ಬಂದಾಗ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಮತ್ತೆ ಶುರು ಮಾಡಿದಳು.